‘ರಿಸರ್ವೇಶನ್’: ಒಂದು ಪದದ ಹಿಂದಿನ ಚರಿತ್ರೆ

ಕೆಲವು ಇಂಗ್ಲಿಷ್ ಪದಗಳು ನಮ್ಮ ಬಾಯಲ್ಲಿ ಎಷ್ಟು ಬಳಕೆಯಾಗಿಬಿಟ್ಟಿವೆಯೆಂದರೆ, ಅವುಗಳ ಅರ್ಥವೇನೆಂದು ನಾವು ಕೇಳುವುದೇ ಇಲ್ಲ. ‘ರಿಸರ್ವೇಶನ್’ ಅಂತಹ ಒಂದು ಪದ. ದೂರದ ಪ್ರಯಾಣಕ್ಕೆ ರೈಲಿನಲ್ಲಿ ರಿಸರ್ವೇಶನ್ ಮಾಡಿಸುತ್ತೇವೆ. ಕೈಯಲ್ಲಿರುವ ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಹೆಸರನ್ನು ಓದುತ್ತೇವೆ. ಮಲೆನಾಡಿನ ರಸ್ತೆಯ ಬದಿಯಲ್ಲಿ ರಿಸರ್ವ್ ಫಾರೆಸ್ಟ್ ಎಂಬ ಫಲಕ ಕಾಣುತ್ತದೆ. ಗಲಾಟೆಯಾದ ಊರಿಗೆ ರಿಸರ್ವ್ ಪೊಲೀಸರ ವ್ಯಾನು ಬರುತ್ತದೆ. ಹೆಚ್ಚು ಮಾತನಾಡದ ವ್ಯಕ್ತಿಯನ್ನು ‘ಅವರು ಸ್ವಲ್ಪ ರಿಸರ್ವ್ಡ್’ ಎನ್ನುತ್ತೇವೆ. ಇಲ್ಲೆಲ್ಲ ಈ ಪದ ಯಾರ ಮನಸ್ಸನ್ನೂ ನೋಯಿಸುವುದಿಲ್ಲ.

ಆದರೆ ಅದೇ ಪದ ಕಾಲೇಜಿನ ಪ್ರವೇಶ ಪಟ್ಟಿಗೋ ನೇಮಕಾತಿ ಪಟ್ಟಿಗೋ ಬಂದ ಕೂಡಲೇ ಹೇಳುವವರ ಧ್ವನಿ ಬದಲಾಗುತ್ತದೆ. ‘ಅವನು ರಿಸರ್ವೇಶನ್‌ನಲ್ಲಿ ಬಂದವನು’ ಎಂಬ ಮಾತಿನಲ್ಲಿ, ಯಾರೋ ದಯೆ ತೋರಿ ಕೊಟ್ಟದ್ದನ್ನು ಕೈಯೊಡ್ಡಿ ಪಡೆದವನು ಎಂಬ ಭಾವ ಅಡಗಿರುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಈ ಮಾತನ್ನು ಕೇಳಿ ತಲೆ ತಗ್ಗಿಸುತ್ತಾರೆ. ಕೆಲವರು ಅರ್ಹತೆಯಿದ್ದರೂ ಅರ್ಜಿಯಲ್ಲಿ ಆ ಕಲಂ ತುಂಬಲು ಹಿಂಜರಿಯುತ್ತಾರೆ. ಆದುದರಿಂದ ಈ ಪದ ನಿಜವಾಗಿ ಏನು ಹೇಳುತ್ತದೆ, ಅದು ಯಾರ ಬಾಯಿಂದ ಯಾರ ಬಾಯಿಗೆ ಬಂತು, ನಮ್ಮ ನಾಡಿನಲ್ಲಿ ಅದಕ್ಕೆ ಈಗಿನ ಅರ್ಥ ಹೇಗೆ ಬಂತು ಎಂಬುದನ್ನು ತಿಳಿಯುವುದು ಕೇವಲ ನಿಘಂಟಿನ ಕುತೂಹಲವಲ್ಲ. ಅದು ನಮ್ಮ ಆತ್ಮಗೌರವಕ್ಕೆ ಸಂಬಂಧಿಸಿದ ವಿಷಯ.

ಪದದ ಬೇರು

‘ರಿಸರ್ವ್’ ಎಂಬುದು ಲ್ಯಾಟಿನ್ ಭಾಷೆಯಿಂದ ಫ್ರೆಂಚ್ ಮೂಲಕ ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಪದ. ಲ್ಯಾಟಿನ್‌ನಲ್ಲಿ ‘ಸರ್ವಾರೆ’ ಎಂದರೆ ಕಾಪಾಡು, ಕಾವಲಿರು. ‘ರೆ’ ಎಂದರೆ ಹಿಂದಕ್ಕೆ. ಎರಡೂ ಸೇರಿ ‘ರೆಸರ್ವಾರೆ’, ಅಂದರೆ ಹಿಂದಕ್ಕೆ ಉಳಿಸಿಕೊಂಡು ಕಾಪಾಡು. ಇದೇ ಬೇರಿನಿಂದ ಹುಟ್ಟಿದ ಇತರ ಪದಗಳನ್ನು ನೋಡಿದರೆ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ಪ್ರಿಸರ್ವ್ ಎಂದರೆ ಕೆಡದಂತೆ ಕಾಪಾಡುವುದು, ಕನ್ಸರ್ವ್ ಎಂದರೆ ವ್ಯರ್ಥವಾಗದಂತೆ ಉಳಿಸುವುದು, ಅಬ್ಸರ್ವ್ ಎಂದರೆ ಕಣ್ಣಿಟ್ಟು ಗಮನಿಸುವುದು. ‘ಸರ್ವಿಸ್’ ಎಂಬ ಪದ ನೋಡಲು ಇವುಗಳ ಸೋದರನಂತಿದ್ದರೂ ಅದು ಬೇರೆ ಮನೆಯದು. ಅದರ ಮೂಲ ಗುಲಾಮ ಎಂಬ ಅರ್ಥದ ‘ಸರ್ವಸ್’. ಕಾವಲು ಬೇರೆ, ಊಳಿಗ ಬೇರೆ.

ಕನ್ನಂಬಾಡಿಯಲ್ಲಿ ಕಾವೇರಿಯ ನೀರನ್ನು ತಡೆದು ನಿಲ್ಲಿಸಿರುವ ಕೃಷ್ಣರಾಜಸಾಗರವನ್ನು ‘ರಿಸರ್ವಾಯರ್’ ಎನ್ನುತ್ತೇವಲ್ಲ, ಅದೂ ಇದೇ ಬೇರಿನ ಪದ. ಅಲ್ಲಿ ನೀರನ್ನು ಹಿಡಿದಿಡುವುದು ಯಾರಿಗೂ ಕೊಡಬಾರದೆಂದಲ್ಲ. ಹಾಗೆಯೇ ಹರಿಯಬಿಟ್ಟರೆ ಮಳೆಗಾಲದಲ್ಲಿ ಹೊಳೆಯ ಪಾಲಾಗಿ, ಬೇಸಗೆಯಲ್ಲಿ ದೂರದ ಗದ್ದೆಗಳು ಒಣಗುತ್ತವೆಂದು. ನಾಲೆಯ ಕೊನೆಯಲ್ಲಿರುವ ರೈತನಿಗೂ ನೀರು ಮುಟ್ಟಬೇಕಾದರೆ ಮೇಲೆ ಎಲ್ಲೋ ಅದನ್ನು ತಡೆದು ನಿಲ್ಲಿಸಲೇಬೇಕು.

ಗಮನಿಸಬೇಕಾದ ಸಂಗತಿಯೆಂದರೆ, ಈ ಪದದ ಬೇರಿನಲ್ಲಿ ‘ಕೊಡುವುದು’ ಎಂಬ ಅರ್ಥವೇ ಇಲ್ಲ. ಇರುವುದನ್ನು ಉಳಿಸುವುದು, ಉಳಿಸಿದ್ದನ್ನು ಕಾಯುವುದು, ಇಷ್ಟೇ ಅದರ ಒಳಗಿರುವ ಕ್ರಿಯೆ. ದಾನ, ಭಿಕ್ಷೆ, ಅನುಗ್ರಹ ಇವೆಲ್ಲ ನಂತರ ಇತರರು ಅದಕ್ಕೆ ಅಂಟಿಸಿದ ಅರ್ಥಗಳು.

ಮೊದಲು ಕಾಯ್ದಿರಿಸಿಕೊಂಡವರು ಬಲವಂತರು

ಇಂದು ಹುದ್ದೆಗಳ ರಿಸರ್ವೇಶನ್ ಎಂದರೆ ಹಿಂದುಳಿದವರಿಗೆಂದು ಉಳಿಸಿದ್ದು ಎಂದು ತಿಳಿಯುತ್ತೇವೆ. ಆದರೆ ಯೂರೋಪಿನ ಚರಿತ್ರೆಯಲ್ಲಿ ಈ ಪದ ಹುದ್ದೆಗಳಿಗೆ ಅಂಟಿಕೊಂಡಾಗ ಅದರ ಅರ್ಥ ನೇರ ವಿರುದ್ಧವಾಗಿತ್ತು. ಮಧ್ಯಯುಗದಲ್ಲಿ ಚರ್ಚಿನ ಅನೇಕ ಹುದ್ದೆಗಳಿಗೆ ದೊಡ್ಡ ಆದಾಯವಿತ್ತು. ಅವುಗಳಿಗೆ ಆಯಾ ಊರಿನವರೋ ಒಡೆಯರೋ ನೇಮಕ ಮಾಡುತ್ತಿದ್ದರು. 1265ರಲ್ಲಿ ನಾಲ್ಕನೆಯ ಕ್ಲೆಮೆಂಟ್ ಎಂಬ ಪೋಪ್ ಒಂದು ಶಾಸನ ಹೊರಡಿಸಿ, ಪೋಪರ ಆಸ್ಥಾನದಲ್ಲಿದ್ದಾಗ ಮರಣ ಹೊಂದಿದವರಿಂದ ತೆರವಾದ ಹುದ್ದೆಗಳಿಗೆ ನೇಮಕ ಮಾಡುವ ಹಕ್ಕನ್ನು ತಮಗೇ ಉಳಿಸಿಕೊಂಡರು. ಮುಂದಿನ ಪೋಪರು ಇದನ್ನು ವಿಸ್ತರಿಸುತ್ತ ಹೋದರು. ಇದನ್ನೇ ‘ರಿಸರ್ವೇಶನ್’ ಎಂದು ಕರೆದರು. ಇಂಗ್ಲೆಂಡಿನಲ್ಲಿ ಇದರ ವಿರುದ್ಧ ಅಸಮಾಧಾನ ಬೆಳೆದು, 1351ರಲ್ಲಿ ಪಾರ್ಲಿಮೆಂಟ್ ಪೋಪರ ನೇಮಕಗಳಿಗೆ ತಡೆಯೊಡ್ಡುವ ಕಾನೂನನ್ನೇ ಮಾಡಬೇಕಾಯಿತು. ಅಂದರೆ ಕಾಯ್ದಿರಿಸಿದ ಹುದ್ದೆ ಎಂಬುದು ಮೊದಲಿಗೆ ಮೇಲಿದ್ದವರು ತಮಗಾಗಿ ಹಿಡಿದಿಟ್ಟುಕೊಂಡ ಹುದ್ದೆ.

ಜಮೀನಿನ ಕ್ರಯಪತ್ರಗಳಿಗೂ ಈ ಪದ ಬಂತು. ಜಮೀನು ಮಾರುವಾತ ದಾರಿಯ ಹಕ್ಕನ್ನೋ ಗಣಿಯ ಹಕ್ಕನ್ನೋ ತನಗೇ ಇಟ್ಟುಕೊಂಡರೆ ಅದು ರಿಸರ್ವೇಶನ್. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ರಮಾಣವಚನ ಸ್ವೀಕರಿಸುವಾಗ ಬಾಯಲ್ಲಿ ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದನ್ನು ಉಳಿಸಿಕೊಳ್ಳುವುದಕ್ಕೂ ಇದೇ ಹೆಸರು ಬಂತು. ಇಂದಿಗೂ ಅಮೆರಿಕದ ಪೌರತ್ವದ ಪ್ರಮಾಣದಲ್ಲಿ, ಮನಸ್ಸಿನಲ್ಲಿ ಏನನ್ನೂ ಬಚ್ಚಿಟ್ಟುಕೊಳ್ಳದೆ ಈ ಮಾತು ಹೇಳುತ್ತಿದ್ದೇನೆ ಎಂಬ ಅರ್ಥದ ಮಾತಿದೆ. ‘ಆ ವಿಷಯದಲ್ಲಿ ನನಗೆ ರಿಸರ್ವೇಶನ್ಸ್ ಇವೆ’ ಎಂದು ಸಂದೇಹ ಸೂಚಿಸುವ ಮಾತು ಈ ಅರ್ಥಕ್ಕೆ ಹತ್ತಿರದ್ದು.

ಭಾರತಕ್ಕೆ ಬಂದ ಬ್ರಿಟಿಷ್ ಆಡಳಿತ ಈ ಪದವನ್ನು ಕಾಡಿನ ಮೇಲೆ ಬರೆಯಿತು. 1878ರ ಅರಣ್ಯ ಕಾಯಿದೆ ಕಾಡುಗಳನ್ನು ಮೀಸಲು, ರಕ್ಷಿತ ಮತ್ತು ಗ್ರಾಮ ಅರಣ್ಯಗಳೆಂದು ಮೂರು ಬಗೆಯಾಗಿ ವಿಂಗಡಿಸಿತು. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದ ಎಲ್ಲವೂ ನಿಷಿದ್ಧ. ತಲೆಮಾರುಗಳಿಂದ ಸೌದೆ, ಸೊಪ್ಪು, ಜೇನು ತರುತ್ತಿದ್ದವರು, ದನ ಮೇಯಿಸುತ್ತಿದ್ದವರು ಒಂದು ಅಧಿಸೂಚನೆಯಿಂದ ಅಪರಾಧಿಗಳಾದರು. ಇಲ್ಲಿಯೂ ಕಾಯ್ದಿರಿಸಿದವರು ಆಳುವವರೇ. ಹಡಗು, ರೈಲುಹಳಿಗಳಿಗೆ ಬೇಕಾದ ಮರ ಅವರ ಲೆಕ್ಕದಲ್ಲಿತ್ತು.

ಒಂದು ನದಿ, ಒಂದು ತೀರ್ಪು

ಈ ಪದದ ಚರಿತ್ರೆಯಲ್ಲಿ ಅಮೆರಿಕದ ಮೂಲನಿವಾಸಿಗಳ ಅಧ್ಯಾಯ ಅತ್ಯಂತ ದುಃಖಕರವಾದುದು. ನಮಗೆ ಅತ್ಯಂತ ಹೆಚ್ಚು ಕಲಿಸುವಂಥದ್ದೂ ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಸರಕಾರ ಅವರನ್ನು ಒಪ್ಪಂದಗಳಿಂದಲೂ ಬಲಾತ್ಕಾರದಿಂದಲೂ ಪೂರ್ವಜರ ನೆಲದಿಂದ ಹಿಮ್ಮೆಟ್ಟಿಸಿ ಸೀಮಿತ ಪ್ರದೇಶಗಳಿಗೆ ತಳ್ಳಿತು. ಈ ಪ್ರದೇಶಗಳೇ ‘ಇಂಡಿಯನ್ ರಿಸರ್ವೇಶನ್’ಗಳು. ಇಡೀ ಖಂಡ ತಮ್ಮದಾಗಿದ್ದವರಿಗೆ ಗಡಿ ಹಾಕಿದ ತುಂಡು ನೆಲ ಉಳಿಯಿತು. ಕಾಲಕ್ರಮದಲ್ಲಿ ಹೊರಗಿನವರು, ಅದನ್ನು ಸರಕಾರ ಅವರಿಗೆ ಕೊಟ್ಟ ಉಡುಗೊರೆಯೆಂಬಂತೆ ಮಾತನಾಡತೊಡಗಿದರು.

ಈ ಸಂದರ್ಭದಲ್ಲಿ ಒಂದು ಮೊಕದ್ದಮೆ ನೆನಪಿಡತಕ್ಕದ್ದು. ವಾಯವ್ಯ ಅಮೆರಿಕದ ಯಾಕಮಾ ಜನರು 1855ರ ಒಪ್ಪಂದದಲ್ಲಿ ವಿಶಾಲ ಭೂಮಿಯನ್ನು ಬಿಟ್ಟುಕೊಟ್ಟಿದ್ದರು. ಆದರೆ ತಮ್ಮ ರೂಢಿಯ ತಾಣಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದರು. ಮುಂದೆ ಕೊಲಂಬಿಯಾ ನದಿಯ ದಡದ ಜಮೀನನ್ನು ಪಡೆದ ವಿನಾನ್ಸ್ ಎಂಬವರು ಮೀನು ಹಿಡಿಯುವ ಯಂತ್ರಚಕ್ರಗಳನ್ನು ಹಾಕಿ, ಯಾಕಮಾ ಜನರನ್ನು ದಡಕ್ಕೆ ಬಾರದಂತೆ ತಡೆದರು. 1905ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಯಾಕಮಾ ಜನರ ಪರವಾಗಿ ತೀರ್ಪು ನೀಡಿತು. ಅದರ ಸಾರಾಂಶವಿಷ್ಟು: ಆ ಒಪ್ಪಂದ ಸರಕಾರವು ಮೂಲನಿವಾಸಿಗಳಿಗೆ ಕೊಟ್ಟ ಹಕ್ಕಿನ ಪತ್ರವಲ್ಲ, ಅವರೇ ಸರಕಾರಕ್ಕೆ ಕೊಟ್ಟದ್ದು. ಅವರು ಯಾವುದನ್ನು ಕೊಡದೆ ಉಳಿಸಿಕೊಂಡರೋ ಅದು ರಿಸರ್ವೇಶನ್.

ತೀರ್ಪಿನಿಂದ ಅವರ ಕಷ್ಟಗಳೆಲ್ಲ ತೀರಿದವೆಂದಲ್ಲ. ಆದರೆ ಪದದ ಮೂಲ ಅರ್ಥವನ್ನು ಒಂದು ನ್ಯಾಯಾಲಯ ಅಷ್ಟು ಸ್ಪಷ್ಟವಾಗಿ ಎತ್ತಿ ಹೇಳಿದ್ದು ಅಪರೂಪ. ಉಳಿಸಿಕೊಂಡದ್ದು ತಮ್ಮದೇ ಆಗಿದ್ದುದು, ಯಾರೋ ಕೊಟ್ಟದ್ದಲ್ಲ.

ನಮ್ಮ ಭಾಷೆಗಳಲ್ಲಿ

ಇಂಗ್ಲಿಷ್ ಬರುವ ಮೊದಲೇ ಈ ಭಾವ ನಮ್ಮ ಭಾಷೆಗಳಲ್ಲಿತ್ತು. ಕನ್ನಡದ ‘ಮೀಸಲು’ ಬಹಳ ಹಳೆಯ, ಗೌರವದ ಪದ. ಹಳ್ಳಿಗಳಲ್ಲಿ ಕರು ಹಾಕಿದ ಹಸುವಿನ ಮೊದಲ ಹಾಲನ್ನು, ಕೊಯಿಲಿನ ಮೊದಲ ತೆನೆಯನ್ನು ದೇವರಿಗೆಂದು ಮುಟ್ಟದೆ ತೆಗೆದಿಟ್ಟರೆ ಅದು ಮೀಸಲು. ಅದನ್ನು ಎಂಜಲು ಮಾಡಬಾರದು, ಬೇರೆ ಕೆಲಸಕ್ಕೆ ಬಳಸಬಾರದು. ಮನೆಯಲ್ಲಿ ಎಷ್ಟೇ ಬಡತನವಿದ್ದರೂ ಮೀಸಲಿಗೆ ಕೈ ಹಾಕುವವರಿಲ್ಲ. ಅಂದರೆ ಕನ್ನಡದಲ್ಲಿ ಮೀಸಲು ಎಂಬುದು ಕೀಳಾದುದಲ್ಲ, ಪವಿತ್ರವಾದುದು. ಇನ್ನೊಂದು ಪದ ‘ಕಾಯ್ದಿರಿಸು’. ಕಾದು ಇರಿಸು ಎಂಬ ಇದರ ರಚನೆ ಲ್ಯಾಟಿನ್ ಪದದ ರಚನೆಯನ್ನೇ ಹೋಲುತ್ತದೆ. ಹಿಂದಿಯ ‘ಆರಕ್ಷಣ’ದೊಳಗೆ ರಕ್ಷಣೆಯಿದೆ. ಉರ್ದುವಿನಲ್ಲಿ ‘ತಹಫ್ಫುಝ್’ ಎಂದರೆ ಸಂರಕ್ಷಣೆ. ಕುರ್‌ಆನನ್ನು ಎದೆಯಲ್ಲಿ ಕಾಪಾಡಿಕೊಂಡವನನ್ನು ಹಾಫಿಝ್ ಎನ್ನುವುದೂ ಇದೇ ಧಾತುವಿನಿಂದ. ಅದರ ಬಹುವಚನ ‘ತಹಫ್ಫುಝಾತ್’ ಎಂದರೆ ಉರ್ದು ಪತ್ರಿಕೆಗಳಲ್ಲಿ ಸಂದೇಹ, ಆಕ್ಷೇಪ ಎಂಬ ಅರ್ಥವೂ ಇದೆ. ಇಂಗ್ಲಿಷಿನ ರಿಸರ್ವೇಶನ್ಸ್‌ಗೆ ಸರಿಸಮ.

ಇಸ್ಲಾಮೀ ಸಂಪ್ರದಾಯದಲ್ಲಿ ಈ ಭಾವಕ್ಕೆ ಅತ್ಯಂತ ಸಮೀಪವಾದ ಪದ ‘ವಕ್ಫ್’. ಅರಬಿಯಲ್ಲಿ ಅದರ ಧಾತ್ವರ್ಥ ನಿಲ್ಲಿಸು, ತಡೆದಿಡು. ಖೈಬರಿನಲ್ಲಿ ಹಝ್ರತ್ ಉಮರ್ (ರ) ಅವರಿಗೆ ಒಂದು ಉತ್ತಮ ಜಮೀನು ದೊರೆತಾಗ ಅವರು ಪ್ರವಾದಿ ಮುಹಮ್ಮದ್ (ಸ) ಅವರಲ್ಲಿ ಸಲಹೆ ಕೇಳಿದರು. ಮೂಲವನ್ನು ತಡೆದಿಟ್ಟು ಅದರ ಫಲವನ್ನು ದಾನ ಮಾಡಬಹುದೆಂದು ಪ್ರವಾದಿಯವರು ಸೂಚಿಸಿದರೆಂದು ಹದೀಸ್‌ನಲ್ಲಿದೆ. ಆ ಜಮೀನನ್ನು ಮಾರುವಂತಿರಲಿಲ್ಲ, ಉಡುಗೊರೆ ಕೊಡುವಂತಿರಲಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿರಲಿಲ್ಲ. ಅದರ ಉತ್ಪನ್ನ ಬಡವರಿಗೆ, ಬಂಧುಗಳಿಗೆ, ಗುಲಾಮರ ವಿಮೋಚನೆಗೆ, ಪ್ರಯಾಣಿಕರಿಗೆ, ಅತಿಥಿಗಳಿಗೆ ಸಲ್ಲುತ್ತಿತ್ತು. ಹೀಗೆ ತಡೆದಿಟ್ಟ ಆಸ್ತಿಗಳಿಂದಲೇ ಮುಸ್ಲಿಂ ಜಗತ್ತಿನಲ್ಲಿ ಶತಮಾನಗಳ ಕಾಲ ಮದ್ರಸಗಳು, ಗ್ರಂಥಾಲಯಗಳು, ಆಸ್ಪತ್ರೆಗಳು ನಡೆದವು. ವಕ್ಫ್ ಮತ್ತು ಸರಕಾರದ ಮೀಸಲಾತಿ ಕಾನೂನಿನ ದೃಷ್ಟಿಯಲ್ಲಿ ಬೇರೆ ಬೇರೆ. ಆದರೆ ಇಂದು ಬಲವಿದ್ದವನು ಎಲ್ಲವನ್ನೂ ಮುಗಿಸಿಬಿಡದಂತೆ ಒಂದು ಪಾಲನ್ನು ತಡೆದಿಡಬೇಕೆಂಬ ತಿಳಿವಳಿಕೆ ಎರಡರಲ್ಲಿಯೂ ಒಂದೇ.

ಕೊಲ್ಹಾಪುರದಿಂದ ಮೈಸೂರಿಗೆ

ಬಲವಂತರ ಕೈಯಲ್ಲಿದ್ದ ಈ ಪದ ಹಿಂದುಳಿದವರ ಕಡೆಗೆ ತಿರುಗಿದ್ದು ಭಾರತದ ದೇಶೀ ಸಂಸ್ಥಾನಗಳಲ್ಲಿ. 1902ರ ಜುಲೈ 26ರಂದು ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದಲ್ಲಿ ತೆರವಾಗುವ ಹುದ್ದೆಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದ ವರ್ಗಗಳಿಗೆ ಕಾಯ್ದಿರಿಸಿ ಆದೇಶ ಹೊರಡಿಸಿದರು. ಅವರು ಕೇವಲ ಹುದ್ದೆ ಕಾಯ್ದಿರಿಸಿ ಸುಮ್ಮನಾಗಲಿಲ್ಲ. ವಿವಿಧ ಸಮುದಾಯಗಳ ವಿದ್ಯಾರ್ಥಿಗಳಿಗೆ ವಸತಿನಿಲಯಗಳನ್ನೂ ತೆರೆಸಿದರು. ಅವುಗಳಲ್ಲಿ ಮುಸ್ಲಿಂ ವಿದ್ಯಾರ್ಥಿಗಳದ್ದೂ ಒಂದಿತ್ತು. ಓದಿದವರಿಲ್ಲದಿದ್ದರೆ ಕಾಯ್ದಿಟ್ಟ ಹುದ್ದೆ ಖಾಲಿ ಉಳಿಯುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು.

ಮೈಸೂರು ಸಂಸ್ಥಾನದ ಕಥೆ ಇನ್ನಷ್ಟು ವಿವರವಾಗಿ ತಿಳಿಯತಕ್ಕದ್ದು. ಇಂಗ್ಲಿಷ್ ವಿದ್ಯೆಯನ್ನು ಮೊದಲೇ ಪಡೆದ ಬ್ರಾಹ್ಮಣ ಸಮುದಾಯದವರು ಅಲ್ಲಿನ ಸರಕಾರಿ ಸೇವೆಯ ಬಹುಪಾಲು ಹುದ್ದೆಗಳಲ್ಲಿದ್ದರು. ಇದು ಯಾವ ಕಾನೂನಿನಿಂದಲೂ ಕಾಯ್ದಿರಿಸಿದ್ದಲ್ಲ. ಆದರೆ ಶಾಲೆ, ಭಾಷೆ, ಪರಿಚಯ, ಪಟ್ಟಣವಾಸ ಇವೆಲ್ಲ ಸೇರಿ ಬರೆಯದ ಒಂದು ಕಾಯ್ದಿರಿಸುವಿಕೆ ನಡೆದೇ ಇತ್ತು. 1917ರಲ್ಲಿ ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮೊದಲಾದ ಸಮುದಾಯಗಳ ಮುಖಂಡರು ಸೇರಿ ಪ್ರಜಾಮಿತ್ರ ಮಂಡಳಿಯನ್ನು ಸ್ಥಾಪಿಸಿದರು. ಮರುವರ್ಷ ಅವರ ನಿಯೋಗ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು ಮನವಿ ಸಲ್ಲಿಸಿತು. ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಆ ಸಮಿತಿಯಲ್ಲಿ ಗುಲಾಂ ಅಹ್ಮದ್ ಕಲಾಮಿ ಅವರೂ ಸದಸ್ಯರಾಗಿದ್ದರು ಎಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ. ಈ ಬೇಡಿಕೆ ಮೈಸೂರಿನಲ್ಲಿ ಮುಸ್ಲಿಮರು ಒಬ್ಬಂಟಿಯಾಗಿ ಕೇಳಿದ್ದಲ್ಲ; ನೆರೆಯ ಸಮುದಾಯಗಳೊಂದಿಗೆ ಹೆಗಲು ಕೊಟ್ಟು ಕೇಳಿದ್ದು.

ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳದರ್ಜೆಯ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು ಸಮಿತಿ ಶಿಫಾರಸು ಮಾಡಿತು. ವಿದ್ಯಾರ್ಥಿವೇತನಗಳನ್ನೂ ಸೂಚಿಸಿತು. 1921ರಲ್ಲಿ ಸರಕಾರ ಇದನ್ನು ಆಧರಿಸಿ ಆದೇಶ ಹೊರಡಿಸಿತು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಇದರಿಂದ ಆಡಳಿತದ ದಕ್ಷತೆ ಕುಗ್ಗೀತೆಂಬ ಆತಂಕವಿತ್ತು. 1918ರ ಕೊನೆಯಲ್ಲಿ ಅವರು ದಿವಾನಗಿರಿಯಿಂದ ಹೊರನಡೆದರು. ದಕ್ಷತೆಯೋ ಪ್ರಾತಿನಿಧ್ಯವೋ ಎಂಬ ಇಂದಿನ ವಾದ ನೂರು ವರ್ಷಗಳಿಗಿಂತ ಹಳೆಯದೆಂದು ಇದರಿಂದ ತಿಳಿಯುತ್ತದೆ.

ಮದ್ರಾಸ್ ಪ್ರಾಂತ್ಯದಲ್ಲಿ ಇನ್ನೊಂದು ಬಗೆಯ ಏರ್ಪಾಡಾಯಿತು. ಅಲ್ಲಿ 1927ರಲ್ಲಿ ಜಾರಿಗೆ ಬಂದ ಕ್ರಮದಂತೆ ಪ್ರತಿ 12 ಹುದ್ದೆಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 5, ಬ್ರಾಹ್ಮಣರಿಗೆ 2, ಮುಸ್ಲಿಮರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತರಿಗೆ 2, ದಲಿತರಿಗೆ 1 ಎಂದು ನಿಗದಿಯಾಯಿತು. ಅಂದು ಮದ್ರಾಸಿಗೆ ಸೇರಿದ್ದ ನಮ್ಮ ದಕ್ಷಿಣ ಕನ್ನಡವೂ ಈ ಆಡಳಿತದಡಿಯಲ್ಲಿತ್ತು.

ಸಂವಿಧಾನ ಸಭೆಯಲ್ಲಿ

ಇಲ್ಲಿ ಎರಡು ವಿಷಯಗಳನ್ನು ಬೆರೆಸಬಾರದು. ಪ್ರತ್ಯೇಕ ಮತದಾನ ಬೇರೆ, ಮೀಸಲು ಸ್ಥಾನ ಬೇರೆ. 1906ರಲ್ಲಿ ಆಗಾ ಖಾನರ ನೇತೃತ್ವದ ನಿಯೋಗ ಶಿಮ್ಲಾದಲ್ಲಿ ವೈಸರಾಯರನ್ನು ಕಂಡ ಬಳಿಕ, 1909ರ ಸುಧಾರಣೆಯಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಮತದಾನ ಬಂತು. ಅಂದರೆ ಆ ಸ್ಥಾನಗಳಿಗೆ ಮುಸ್ಲಿಮರೇ ಮತದಾರರು. ಮೀಸಲು ಸ್ಥಾನದಲ್ಲಿ ಹಾಗಲ್ಲ: ಅಭ್ಯರ್ಥಿ ನಿರ್ದಿಷ್ಟ ವರ್ಗದವನು, ಮತ ಹಾಕುವವರು ಎಲ್ಲರೂ. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಮತ್ತು ಡಾ. ಅಂಬೇಡ್ಕರರ ನಡುವೆ ಆದ ಪುಣೆ ಒಪ್ಪಂದದಲ್ಲಿ ದಲಿತರಿಗೆ ಪ್ರತ್ಯೇಕ ಮತದಾನದ ಬದಲು ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನಗಳು ದೊರೆತವು.

ಸ್ವಾತಂತ್ರ್ಯ ಬಂದಾಗ ಮುಸ್ಲಿಮರಿಗೂ ಶಾಸನಸಭೆಗಳಲ್ಲಿ ಮೀಸಲು ಸ್ಥಾನವಿರಲೆಂದು ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿ ಮೊದಲಿಗೆ ಒಪ್ಪಿತ್ತು. ದೇಶ ವಿಭಜನೆಯ ರಕ್ತಪಾತದ ನಂತರ ವಾತಾವರಣ ಬದಲಾಯಿತು. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆ ಅದನ್ನು ಕೈಬಿಟ್ಟಿತು. ಆ ಚರ್ಚೆಯಲ್ಲಿ ಮುಸ್ಲಿಂ ಸದಸ್ಯರಲ್ಲೇ ಒಮ್ಮತವಿರಲಿಲ್ಲ. ಮದ್ರಾಸಿನ ಮುಹಮ್ಮದ್ ಇಸ್ಮಾಯಿಲ್ ಸಾಹೇಬರು ಪ್ರತ್ಯೇಕ ಮತದಾನದ ಪರವಾಗಿ ವಾದಿಸಿದರು. ಸಭೆಯಲ್ಲಿದ್ದ ಏಕೈಕ ಮುಸ್ಲಿಂ ಮಹಿಳೆ ಬೇಗಂ ಐಜಾಝ್ ರಸೂಲ್ ಅವರು, ಮೀಸಲು ಸ್ಥಾನ ಸಮುದಾಯವನ್ನು ಬಹುಸಂಖ್ಯಾತರಿಂದ ಎಂದೆಂದಿಗೂ ಬೇರೆಯಾಗಿಯೇ ಇಡುತ್ತದೆಂದು ವಿರೋಧಿಸಿದರು. ಇಬ್ಬರ ಮಾತಿನಲ್ಲಿಯೂ ಸಮುದಾಯದ ಹಿತಚಿಂತನೆಯಿತ್ತು. ಮುಂದೆ ಬಂದ ಶಾಸನಸಭೆಗಳಲ್ಲಿ ನಮ್ಮ ಸಂಖ್ಯೆಯನ್ನು ಕಂಡವರು ಈ ಚರ್ಚೆಯನ್ನು ಮತ್ತೆ ಮತ್ತೆ ನೆನೆಯುವುದು ಸಹಜ.

ಆದರೆ ಉದ್ಯೋಗದ ವಿಷಯದಲ್ಲಿ ಸಂವಿಧಾನದ 16(4)ನೆಯ ವಿಧಿ ಧರ್ಮವನ್ನು ಹೆಸರಿಸದೆ, ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲದ ‘ಹಿಂದುಳಿದ ವರ್ಗ’ ಎಂದಿತು. ಬಾಗಿಲು ಮುಚ್ಚಲಿಲ್ಲ. 1948ರ ನವೆಂಬರಿನಲ್ಲಿ ಈ ವಿಧಿಯ ಮೇಲೆ ಮಾತನಾಡುತ್ತ ಡಾ. ಅಂಬೇಡ್ಕರರು, ಎಲ್ಲರಿಗೂ ಸಮಾನ ಅವಕಾಶವೆಂಬ ತತ್ವ ಉಳಿಯಬೇಕಾದರೆ ಮೀಸಲು ಹುದ್ದೆಗಳು ಒಟ್ಟು ಹುದ್ದೆಗಳ ಅಲ್ಪಭಾಗದಲ್ಲೇ ಇರಬೇಕೆಂದು ವಿವರಿಸಿದ್ದರು. ಹಿಡಿದಿಡುವುದಕ್ಕೂ ಒಂದು ಮಿತಿಯಿದೆ ಎಂಬುದು ಮೊದಲಿನಿಂದಲೂ ಒಪ್ಪಿದ ಮಾತು.

ಕರ್ನಾಟಕದ ಶೇಕಡಾ ನಾಲ್ಕು

1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮದ್ರಾಸಿನ ಕಾಲೇಜು ಪ್ರವೇಶದ ಹಂಚಿಕೆಯನ್ನು ರದ್ದುಪಡಿಸಿತು. ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿಯಿಂದ 15(4)ನೆಯ ವಿಧಿ ಸೇರಿ, ಶಿಕ್ಷಣದಲ್ಲಿ ಹಿಂದುಳಿದವರಿಗೆ ವಿಶೇಷ ಏರ್ಪಾಡು ಮಾಡಲು ದಾರಿಯಾಯಿತು. 1962ರಲ್ಲಿ ಮೈಸೂರು ಸರಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಕಾಯ್ದಿರಿಸಿದಾಗ, ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿರಬೇಕೆಂದು ಹೇಳಿತು. 1992ರ ಇಂದ್ರಾ ಸಾಹ್ನಿ ತೀರ್ಪು ಶೇಕಡಾ 50ರ ಮಿತಿಯನ್ನು ದೃಢಪಡಿಸಿತು. ಹೀಗೆ ಮೀಸಲಾತಿಯ ಆರಂಭದಲ್ಲಿಯೂ ಅದರ ಮಿತಿಯಲ್ಲಿಯೂ ಮೈಸೂರಿನ ಹೆಸರಿದೆ.

ದೇವರಾಜ ಅರಸರ ಸರಕಾರದ 1977ರ ಆದೇಶದಲ್ಲಿ ಮುಸ್ಲಿಮರು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದ್ದರು. ವೆಂಕಟಸ್ವಾಮಿ, ಚಿನ್ನಪ್ಪ ರೆಡ್ಡಿ ಆಯೋಗಗಳು ಮತ್ತೆ ವಿಷಯವನ್ನು ಪರಿಶೀಲಿಸಿದವು. 1994ರಲ್ಲಿ ವೀರಪ್ಪ ಮೊಯ್ಲಿಯವರ ಸರಕಾರ ‘2ಬಿ’ ಎಂಬ ಪ್ರವರ್ಗವನ್ನು ರೂಪಿಸಿತು. ಒಟ್ಟು ಪ್ರಮಾಣ 50ನ್ನು ಮೀರಿದ್ದರಿಂದ ಸುಪ್ರೀಂ ಕೋರ್ಟ್ ತಡೆದ ಬಳಿಕ, 1995ರ ಫೆಬ್ರವರಿಯಲ್ಲಿ ದೇವೇಗೌಡರ ಸರಕಾರ ಮುಸ್ಲಿಮರಿಗೆ ಶೇಕಡಾ 4ನ್ನು ನಿಗದಿ ಮಾಡಿ ಜಾರಿಗೆ ತಂದಿತು. ಇದು ಧರ್ಮದ ಕಾರಣಕ್ಕಲ್ಲ, ಸಾಮಾಜಿಕ ಮತ್ತು ಶೈಕ್ಷಣಿಕ ಹಿಂದುಳಿದಿರುವಿಕೆಯ ಕಾರಣಕ್ಕೆ. ಪಿಂಜಾರ, ನದಾಫರಂತಹ ಮುಸ್ಲಿಂ ಗುಂಪುಗಳು ಪ್ರವರ್ಗ 1ರಲ್ಲಿವೆ ಎಂಬುದನ್ನೂ ಇಲ್ಲಿ ನೆನೆಯಬೇಕು.

2023ರ ಮಾರ್ಚಿನಲ್ಲಿ ಆಗಿನ ರಾಜ್ಯ ಸರಕಾರ ಈ ಶೇಕಡಾ 4ನ್ನು ರದ್ದುಪಡಿಸಿ, ತಲಾ 2ರಂತೆ ಒಕ್ಕಲಿಗ ಮತ್ತು ಲಿಂಗಾಯತ ಪ್ರವರ್ಗಗಳಿಗೆ ಹಂಚಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, ಆದೇಶವನ್ನು ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂದು ಸರಕಾರ ಹೇಳಬೇಕಾಯಿತು. ಹಳೆಯ ಏರ್ಪಾಡು ಉಳಿಯಿತು. 1918ರಲ್ಲಿ ಒಂದೇ ಮನವಿಗೆ ಒಟ್ಟಾಗಿ ನಿಂತಿದ್ದ ಸಮುದಾಯಗಳು, ನೂರ ಐದು ವರ್ಷಗಳ ನಂತರ ಒಂದರ ಪಾಲನ್ನು ಇನ್ನೊಂದಕ್ಕೆ ಕೊಡುವ ಲೆಕ್ಕದಲ್ಲಿ ಎದುರುಬದುರಾದದ್ದು ಯೋಚಿಸಬೇಕಾದ ವಿಷಯ. ಕಾಯ್ದಿಟ್ಟದ್ದು ತಾನಾಗಿ ಉಳಿಯುವುದಿಲ್ಲ. ಅದನ್ನು ಕಾಯುವವರು ಬೇಕು, ಕಾಯಲು ನೆರೆಯವರ ಸ್ನೇಹವೂ ಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು

ಇಷ್ಟು ಚರಿತ್ರೆಯಿಂದ ನಾವು ತಿಳಿಯಬೇಕಾದುದೇನು? ‘ರಿಸರ್ವ್’ ಎಂಬ ಪದ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಯಾರು, ಯಾರಿಗಾಗಿ ಹಿಡಿದಿಟ್ಟರು ಎಂಬುದನ್ನು ಅವಲಂಬಿಸಿ ಅದು ನ್ಯಾಯವೂ ಆಗುತ್ತದೆ, ಅನ್ಯಾಯವೂ ಆಗುತ್ತದೆ. ಪೋಪರು ತಮಗಾಗಿ ಹಿಡಿದರು, ಬ್ರಿಟಿಷರು ಕಾಡನ್ನು ತಮ್ಮ ಲೆಕ್ಕಕ್ಕೆ ಹಿಡಿದರು. ಶಾಹು ಮಹಾರಾಜರು ಮತ್ತು ನಾಲ್ವಡಿಯವರು, ಸಾಲಿನ ಕೊನೆಯಲ್ಲಿ ನಿಂತವರ ಪಾಲನ್ನು ಮುಂದೆ ನಿಂತವರು ತೆಗೆದುಕೊಂಡು ಹೋಗದಂತೆ ಹಿಡಿದರು.

ಹೀಗಿರುವಾಗ ಮೀಸಲು ಸ್ಥಾನದಲ್ಲಿ ಕುಳಿತ ವಿದ್ಯಾರ್ಥಿ ತಲೆ ತಗ್ಗಿಸಬೇಕಾದ ಕಾರಣವಿಲ್ಲ. ಅದು ಭಿಕ್ಷೆಯಲ್ಲ, ನಾಡಿನ ಸಂಪತ್ತಿನಲ್ಲಿ ನಮ್ಮ ಪಾಲು. ಆದರೆ ಅದರ ಜೊತೆಗೆ ಒಂದು ಜವಾಬ್ದಾರಿಯೂ ಇದೆ. ಕಾಯ್ದಿಟ್ಟ ಸ್ಥಾನಕ್ಕೆ ಅರ್ಜಿ ಹಾಕುವವರಿಲ್ಲದಿದ್ದರೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಸಮಯಕ್ಕೆ ಸರಿಯಾಗಿ ಮಾಡಿಸದಿದ್ದರೆ, ಹುಡುಗ ಹತ್ತನೆಯ ತರಗತಿಗೆ ಓದು ಬಿಟ್ಟು ಗ್ಯಾರೇಜಿಗೆ ಹೋದರೆ, ಹುಡುಗಿಯ ಓದನ್ನು ಪಿಯುಸಿಗೇ ನಿಲ್ಲಿಸಿದರೆ, ಶೇಕಡಾ 4 ಎಂಬುದು ಕಾಗದದ ಮೇಲಿನ ಅಂಕಿ ಮಾತ್ರ. ಜಲಾಶಯದಲ್ಲಿ ನೀರಿದ್ದು ನಾಲೆ ಹೂಳು ತುಂಬಿದ್ದರೆ ಗದ್ದೆಗೆ ಏನು ಪ್ರಯೋಜನ? ಆ ಹೂಳೆತ್ತುವ ಕೆಲಸ ನಮ್ಮಂತಹ ಶಿಕ್ಷಣ ಸಂಸ್ಥೆಗಳದ್ದು, ತಂದೆತಾಯಿಯರದ್ದು, ಮೊದಲೇ ಓದಿ ಮುಂದೆ ಬಂದವರದ್ದು.

ಈ ಸ್ಥಾನಗಳಿಂದ ಓದಿ ವೈದ್ಯರು, ಎಂಜಿನಿಯರರು, ಅಧ್ಯಾಪಕರು ಆದವರು ನಮ್ಮ ನಡುವೆ ಅನೇಕರಿದ್ದಾರೆ. ಹಝ್ರತ್ ಉಮರ್ (ರ) ಅವರ ಖೈಬರಿನ ಜಮೀನನ್ನು ಅವರು ನೆನೆಯಲಿ. ಮೂಲವನ್ನು ಉಳಿಸಿ, ಫಲವನ್ನು ಹಂಚಬೇಕು. ತಾವು ಪಡೆದ ವಿದ್ಯೆಯ ಫಲದಲ್ಲಿ ಒಂದು ಪಾಲನ್ನು, ಒಬ್ಬ ಬಡ ವಿದ್ಯಾರ್ಥಿಯ ಶುಲ್ಕವಾಗಿಯೋ, ವಾರಕ್ಕೆ ಎರಡು ಗಂಟೆಯ ಪಾಠವಾಗಿಯೋ, ಅರ್ಜಿ ತುಂಬಲು ಕೊಟ್ಟ ಒಂದು ಸಂಜೆಯಾಗಿಯೋ ಹಿಂದೆ ಬರುವವರಿಗೆ ಮೀಸಲಿಡಲಿ. ಹಾಗೆ ಮೀಸಲಿಡುವುದಕ್ಕೆ ಯಾವ ಸರಕಾರದ ಆದೇಶವೂ ಬೇಕಾಗಿಲ್ಲ. ಯಾವ ಸರಕಾರವೂ ಅದನ್ನು ರದ್ದುಪಡಿಸಲಾರದು.